ಹಿನ್ನೀರಿನಲ್ಲಿ ಮೂರು ದೋಣಿ: ಮರ, ಫೈಬರ್, ಅಲ್ಯೂಮಿನಿಯಂ

ನಮ್ಮ ಮನೆ ಸಾಗರ ತಾಲ್ಲೂಕಿನ ತುಮರಿ ಕಡೆ. ಮನೆ ಶರಾವತಿ ಹಿನ್ನೀರಿನ ಒಂದು ದಡದಲ್ಲಿ, ತೋಟ ಇನ್ನೊಂದು ದಡದಲ್ಲಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಸಾಗರಕ್ಕೆ ಹೋಗುವುದು ಸಲೀಸಾಗಿದೆ. ಆದರೆ ತೋಟಕ್ಕೆ ಹೋಗುವ ಕವಲಿಗೆ ಸೇತುವೆ ಇಲ್ಲ. ಗೊಬ್ಬರ, ಅಡಿಕೆ ಗೊನೆ, ಕೊಯ್ಲಿನ ಜನ, ಎಲ್ಲವೂ ದೋಣಿಯಲ್ಲೇ ದಾಟಬೇಕು.

ಹಾಗಾಗಿ ಮೂರು ಬಗೆಯ ದೋಣಿ ಇಟ್ಟುಕೊಂಡು ನೋಡಿದ್ದೇನೆ. ಅಪ್ಪ ಮಾಡಿಸಿದ 18 ಅಡಿಯ ಮರದ ದೋಣಿ ನನ್ನ ಕೈಗೆ ಬಂದು 11 ವರ್ಷ. ಕರಾವಳಿಯ ಒಂದು ಯಾರ್ಡ್‌ನಲ್ಲಿ ಮಾಡಿಸಿ ತಂದ 16 ಅಡಿಯ ಫೈಬರ್ ದೋಣಿಗೆ 7 ವರ್ಷ. ಭಾವನ ಜೊತೆ ಪಾಲಿನಲ್ಲಿ ಕೊಂಡ 14 ಅಡಿಯ ಅಲ್ಯೂಮಿನಿಯಂ ದೋಣಿಗೆ ಮೂರು ಮಳೆಗಾಲ. ಹೊಸದಾಗಿ ದೋಣಿ ಮಾಡಿಸುವವರು ಆಗಾಗ ಕೇಳುತ್ತಾರೆ, ಯಾವುದು ಗಟ್ಟಿ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ದೋಣಿ ಬಗ್ಗೆ ನಮಗೆ ಸಿಗುವ ಸಲಹೆ ಎಲ್ಲಾ ಸಮುದ್ರದವರದ್ದು. ಹೊನ್ನಾವರ, ಗಂಗೊಳ್ಳಿ ಕಡೆಯ ಮೇಸ್ತ್ರಿಗಳು ಹೇಳಿದ್ದು, ಇಲ್ಲವೇ ದೊಡ್ಡ ಮೋಟಾರ್ ಯಾಟ್ ಇಟ್ಟವರು ಫೈಬರ್ ಮೇಲೋ ಅಲ್ಯೂಮಿನಿಯಂ ಮೇಲೋ ಅಂತ ವಾದ ಮಾಡಿದ್ದು. ಅವರ ಮಾತು ಅವರ ನೀರಿಗೆ ಸರಿ. ನಮ್ಮದು ಸಿಹಿನೀರು. ಉಪ್ಪುನೀರಿನಲ್ಲಿ ಬಾಳುವುದು ಇಲ್ಲಿ ಕೆಡುತ್ತದೆ, ಅಲ್ಲಿ ಕೆಡುವುದು ಇಲ್ಲಿ ಬಾಳುತ್ತದೆ. ಇದು ನನಗೆ ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ.

ಮರದ ದೋಣಿ

ಅಪ್ಪನ ದೋಣಿ ಹೆಬ್ಬಲಸಿನದು. ಅಡಿಮರ ಒಂದೇ ತುಂಡು, ಹಲಗೆ ಒಂದಂಗುಲಕ್ಕಿಂತ ಸ್ವಲ್ಪ ದಪ್ಪ. ಸಂದಿಗೆ ಹತ್ತಿ ಬತ್ತಿ ಬಡಿದು, ರಾಳ ಸವರಿ, ಮೇಲೆ ಗೇರೆಣ್ಣೆ ಹಚ್ಚಿದ್ದು. ಕಟ್ಟಿದ ಕೈಯನ್ನು ಈಗಲೂ ಮೆಚ್ಚುತ್ತೇನೆ. ಪಕ್ಕೆಮರಗಳನ್ನು ನೇರ ಹಲಗೆಯಿಂದ ಕೊಯ್ದಿಲ್ಲ, ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಿ ತಂದು ಹಾಕಿದ್ದಾರೆ. ಮರದ ಎಳೆ ತಿರುವಿನ ಜೊತೆಗೇ ಓಡುತ್ತದೆ. ಅಂಥ ಒಂದು ಪಕ್ಕೆಯೂ ಇವತ್ತಿನವರೆಗೆ ಸೀಳಿಲ್ಲ.

ಸಮುದ್ರದಲ್ಲಿ ಮರಕ್ಕೆ ಶತ್ರು ಅಂದರೆ ಮರ ಕೊರೆಯುವ ಹುಳ. ಇಲ್ಲಿ ಆ ಹುಳ ಇಲ್ಲ. ಆದರೆ ಉಪ್ಪೂ ಇಲ್ಲ. ಉಪ್ಪುನೀರು ಮರಕ್ಕೆ ಬೂಸ್ಟು ಹಿಡಿಯದಂತೆ ಕಾಯುತ್ತದೆ, ಮಳೆನೀರು ಹಾಗಲ್ಲ. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ವಾರಗಟ್ಟಲೆ ಬಿಡುವುದಿಲ್ಲ. ದೋಣಿಯೊಳಗೆ ನಿಂತ ನೀರು ಹಲಗೆಯ ತುದಿಗೆ, ಮೊಳೆಯ ಸುತ್ತ ಇಳಿಯುತ್ತದೆ. ನಮ್ಮ ದೋಣಿ ಕೊಳೆತದ್ದು ತಳದಲ್ಲಿ ಅಲ್ಲ. ಅಂಚುಪಟ್ಟಿಯ ಕೆಳಗೆ, ಒಮ್ಮೆ ನೆನೆದು ಒಮ್ಮೆ ಒಣಗುವ ಜಾಗದಲ್ಲಿ.

ಇದಕ್ಕೆ ಸಾಕ್ಷಿ ನಮ್ಮ ಕಣ್ಣೆದುರೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತವೆ. ಅರವತ್ತು ವರ್ಷ ಆಯಿತು. ಸದಾ ನೀರೊಳಗೇ ಇದ್ದ ಭಾಗಕ್ಕೆ ಕತ್ತಿ ಹಾಕಿ ನೋಡಿ, ಕೊಡಲಿ ಕೂಡ ಹಿಂದೆ ಚಿಮ್ಮುತ್ತದೆ. ಮುಳುಗುವ, ತೇಲುವ ಗಡಿಯಲ್ಲಿದ್ದ ಭಾಗ ಮಾತ್ರ ಸವೆದು ಕಡ್ಡಿಯಾಗಿದೆ. ಅಪ್ಪ ಬೇಸಿಗೆಯಲ್ಲಿ ಕೆಲಸ ಇಲ್ಲದಾಗ ದೋಣಿಗೆ ಕಲ್ಲು ಹೇರಿ ಆಳವಿಲ್ಲದ ಕಡೆ ಮುಳುಗಿಸಿ ಇಡುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅದನ್ನು ನೋಡಿದರೆ ಸಂಕಟ ಆಗುತ್ತಿತ್ತು. ಈಗ ನಾನೂ ಅದನ್ನೇ ಮಾಡುತ್ತೇನೆ.

ಮುಳುಗಿಸದೆ ದಡದಲ್ಲಿ ಬಿಟ್ಟರೆ ಇನ್ನೊಂದು ತೊಂದರೆ. ಪೂರ್ತಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ ಎತ್ತರಕ್ಕೆ ನಿಲ್ಲುವ ನೀರು ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ಕೆಳಗೆ ಹೋಗುತ್ತದೆ. ದೋಣಿ ಕೆಸರಿನ ಮೇಲೆ ಉಳಿದು, ಹಲಗೆ ಒಣಗಿ, ಸಂದಿ ಬಿಡುತ್ತದೆ. ಒಂದು ವರ್ಷ ಕಣ್ಣಿಗೆ ಕಾಣುವಷ್ಟು ಸಂದಿ ಬಿಟ್ಟಿತ್ತು. ಒದ್ದೆ ಗೋಣಿ ಹೊದಿಸಿ, ನೀರಿಗಿಳಿಸಿ ನಾಲ್ಕು ದಿನ ಬಿಟ್ಟ ಮೇಲೆ ಮರ ಉಬ್ಬಿ ತಾನೇ ಮುಚ್ಚಿಕೊಂಡಿತು. ಈ ಗುಣ ಬೇರೆ ಯಾವುದಕ್ಕೂ ಇಲ್ಲ.

ಫೈಬರ್ ದೋಣಿ

ಇದರ ಬಗ್ಗೆ ಜಾಸ್ತಿ ಹೇಳಬೇಕು. ಈಗ ಎಲ್ಲರೂ ತರುವುದು ಇದನ್ನೇ, ಮತ್ತು ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದ ದೋಣಿ ಇದು.

ನಾನು ಆರ್ಡರ್ ಕೊಟ್ಟಿದ್ದು ಜುಲೈನಲ್ಲಿ. ಅಲ್ಲೇ ಮೊದಲ ತಪ್ಪು. ಫೈಬರ್ ದೋಣಿ ಅಂದರೆ ಗಾಜಿನ ಎಳೆಯ ಮ್ಯಾಟ್‌ಗೆ ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಆ ರೆಸಿನ್ ಸರಿಯಾಗಿ ಗಟ್ಟಿಯಾಗಬೇಕಾದರೆ ಒಣ ಗಾಳಿ, ಹದ ಬಿಸಿ ಬೇಕು. ಜಡಿಮಳೆಯಲ್ಲಿ ತೆರೆದ ಶೆಡ್ಡಿನಲ್ಲಿ ಮ್ಯಾಟ್ ತೇವ ಕುಡಿದಿರುತ್ತದೆ. ದೋಣಿ ಬಂದಾಗ ಒಳಮೈ ಮುಟ್ಟಿದರೆ ಸ್ವಲ್ಪ ಅಂಟುತ್ತಿತ್ತು. ಬಿಸಿಲಿಗೆ ಸರಿ ಹೋಗುತ್ತೆ ಅಂದರು, ನಂಬಿದೆ.

ಮೊದಲ ಮೂರು ವರ್ಷ ಬಹಳ ಸುಖ ಕೊಟ್ಟಿತು. ಹಗುರ, ನಾಲ್ಕು ಜನ ಎತ್ತಬಹುದು, ಒಂದು ಹನಿ ಸೋರುವುದಿಲ್ಲ. ನಾಲ್ಕನೇ ವರ್ಷ ಇಂಜಿನ್ ಸ್ವಲ್ಪ ನಡುಗುತ್ತಿದೆ ಅನ್ನಿಸಿತು. ಇಂಜಿನ್ ಕೂರುವ ಹಿಂಬದಿ ಹಲಗೆಯನ್ನು ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋದೆ. ಮೇಲೆ ಟಣ್ ಟಣ್ ಅಂದದ್ದು ಬೋಲ್ಟ್ ಹತ್ತಿರ ಬಂದಾಗ ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ ಕೇಳಿತು. ಬೋಲ್ಟ್ ಬಿಚ್ಚಿದರೆ ಕಪ್ಪು ನೀರು ಇಳಿಯಿತು. ಒಳಗಿದ್ದದ್ದು ಪೀಠೋಪಕರಣಕ್ಕೆ ಹಾಕುವ ಸಾಧಾರಣ ಪ್ಲೈವುಡ್. ತೂತು ಕೊರೆದವರು ಅದರ ಒಳಗೋಡೆಗೆ ರೆಸಿನ್ ಕೂಡ ಸವರಿರಲಿಲ್ಲ. ಅಪ್ಪನ ದೋಣಿ ಕೊಳೆತರೆ ಕಣ್ಣಿಗೆ ಕಾಣುತ್ತದೆ. ಇದು ಹೊಳೆಯುವ ಬಿಳಿ ಬಣ್ಣದ ಹಿಂದೆ ನಾಲ್ಕು ವರ್ಷ ಕೊಳೆಯುತ್ತಾ ಇತ್ತು, ನಾನು ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೇನೆ. ಇದು ನೆನಪಾದರೆ ಈಗಲೂ ಕೋಪ ಬರುತ್ತದೆ.

ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ತಂದು, ಹಳೆಯದನ್ನು ಕೆತ್ತಿ ತೆಗೆದು, ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಸರಿ ಮಾಡಿಸಿದೆ. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಮತ್ತೆ ತೂತು ಹಾಕಿದೆವು. ಈಗ ನೀರು ಬಂದರೂ ಮರಕ್ಕೆ ಮುಟ್ಟುವುದಿಲ್ಲ.

ಐದನೇ ವರ್ಷ ತಳ ಮಗುಚಿದಾಗ ಬೊಕ್ಕೆಗಳು. ಅಕ್ಕಿಕಾಳಿನಿಂದ ಹಿಡಿದು ಎಂಟಾಣೆ ಅಗಲದವರೆಗೆ. ಚುಚ್ಚಿದರೆ ಹುಳಿ ವಾಸನೆಯ ನೀರು. ಜೆಲ್‌ಕೋಟ್ (ಹೊರಮೈಯ ಹೊಳಪು ಪದರ) ಮೂಲಕ ನೀರು ನಿಧಾನವಾಗಿ ಒಳಗೆ ಸೇರಿ, ಗಟ್ಟಿಯಾಗದೆ ಉಳಿದ ರಸಾಯನವನ್ನು ಕರಗಿಸಿಕೊಂಡು, ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಇದು ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಜಾಸ್ತಿ. ಉಪ್ಪು ಇರುವ ಕಡೆ ಹೊರಗಿನ ನೀರಿಗೆ ಒಳಗೆ ನುಗ್ಗುವ ಸೆಳೆತ ಕಡಿಮೆ. ಕರಾವಳಿಯವರ ದೋಣಿಯನ್ನು ದಿನಾ ಮರಳಿಗೆ ಎಳೆದು ಒಣಗಿಸುತ್ತಾರೆ. ನಮ್ಮದು ಜೂನ್‌ನಿಂದ ಫೆಬ್ರವರಿವರೆಗೆ ನೀರಲ್ಲೇ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಹಾಗಂತ ಫೈಬರ್ ಬೇಡ ಅನ್ನುವುದಿಲ್ಲ. ಮಾಡಿಸುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಮಾಡಿಸಿ, ಎದುರು ನಿಂತು ಮಾಡಿಸಿ. ಸಾಧಾರಣ ಬಗೆಯ ಜಿಪಿ ರೆಸಿನ್ ಬೇಡ, ಐಸೋ (ಐಸೋಫ್ತಾಲಿಕ್) ರೆಸಿನ್ ಕೇಳಿ. ನೀರು ತಡೆಯುವುದರಲ್ಲಿ ಅದು ಮೇಲು. ಚದರ ಮೀಟರಿಗೆ 450 ಗ್ರಾಂನ ಮ್ಯಾಟ್ ಎಷ್ಟು ಪದರ, ನಡುವೆ ನೇಯ್ದ ರೋವಿಂಗ್ (ಗಾಜಿನ ಎಳೆಯ ದಪ್ಪ ಬಟ್ಟೆ) ಎಷ್ಟು ಪದರ ಅಂತ ಮೊದಲೇ ಬರೆಸಿಕೊಳ್ಳಿ. ಬಣ್ಣ ಬಳಿಯುವ ಮೊದಲು ಒಳಮೈಗೆ ಟಾರ್ಚ್ ಹಿಡಿದು ನೋಡಿ. ಬಿಳಿ ಕಲೆ ಕಂಡರೆ ಅಲ್ಲಿ ರೆಸಿನ್ ಇಳಿದಿಲ್ಲ, ಗಾಳಿ ಉಳಿದಿದೆ.

ಅಲ್ಯೂಮಿನಿಯಂ ದೋಣಿ

ಇದನ್ನು ತರುವಾಗ ಊರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ, ಪಾತ್ರೆ ಥರ ಬಗ್ಗುತ್ತೆ ಅಂದರು. ಬಗ್ಗುತ್ತದೆ ನಿಜ. ಎರಡನೇ ವರ್ಷ ನೀರೊಳಗಿನ ಬೊಡ್ಡೆಗೆ ಜೋರಾಗಿ ಬಡಿಯಿತು. ಅಂಗೈಯಗಲ ತಗ್ಗಾಯಿತು, ಸೀಳಲಿಲ್ಲ. ದಡಕ್ಕೆ ಎಳೆದು, ಒಳಗಿನಿಂದ ಮರದ ಕೊಡತಿಯಲ್ಲಿ ಬಡಿದು ಹೊರಗೆ ತಳ್ಳಿದೆವು. ಅದೇ ಥರದ ಪೆಟ್ಟಿಗೆ ಫೈಬರ್ ದೋಣಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತ್ತು. ನಮ್ಮ ಹಿನ್ನೀರಿನಲ್ಲಿ ಬೊಡ್ಡೆ ತಾಗದ ವರ್ಷ ಇಲ್ಲ, ಹಾಗಾಗಿ ನನಗೆ ಇದು ಸಣ್ಣ ವಿಷಯ ಅಲ್ಲ.

ಸಿಹಿನೀರು ಇದಕ್ಕೆ ಒಳ್ಳೆಯದು. ಸಮುದ್ರದಲ್ಲಾದರೆ ಸ್ಟೀಲ್ ಬೋಲ್ಟ್ ಇರುವ ಕಡೆ ಅಲ್ಯೂಮಿನಿಯಂ ಬೇಗ ತಿಂದು ಹೋಗುತ್ತದೆ, ಇಲ್ಲಿ ಆ ಕಾಟ ಬಹಳ ಕಮ್ಮಿ. ಕೊಳ್ಳುವಾಗ ತಗಡಿನ ಮೇಲೆ 5052 ಅಥವಾ 5083 ಅಂತ ಮುದ್ರೆ ಇದೆಯಾ ನೋಡಿ. ಅವು ಮೆಗ್ನೀಸಿಯಂ ಸೇರಿಸಿದ, ದೋಣಿಗೆ ಒಗ್ಗುವ ಜಾತಿ. ರಿವೆಟ್ ಹೊಡೆದದ್ದಕ್ಕಿಂತ ವೆಲ್ಡ್ ಮಾಡಿದ್ದು ಮೇಲು, ರಿವೆಟ್ ಕಾಲ ಕಳೆದಂತೆ ಅಲುಗಿ ಜಿನುಗುತ್ತದೆ. ವೆಲ್ಡ್ ಪರೀಕ್ಷೆ ಸುಲಭ. ದೋಣಿಯನ್ನು ಎರಡು ದಿಮ್ಮಿಯ ಮೇಲಿಟ್ಟು ಒಳಗೆ ಗೇಣು ನೀರು ತುಂಬಿ, ಕೆಳಗೆ ಒಣಬಟ್ಟೆ ಹಿಡಿದು ನೋಡಿ. ನಮ್ಮದರಲ್ಲಿ ಮುಂಬದಿ ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು ಹೀಗೇ ಸಿಕ್ಕಿತು. ಅದನ್ನು ಮುಚ್ಚಿಸಲು ಶಿವಮೊಗ್ಗದವರೆಗೆ ಹೋಗಬೇಕಾಯಿತು. ಆರ್ಗಾನ್ ಗ್ಯಾಸಿನ ವೆಲ್ಡಿಂಗ್ ಬೇಕು, ಊರಿನ ಗೇಟು, ಗ್ರಿಲ್ ಮಾಡುವವರ ಕೈಯಲ್ಲಿ ಆಗುವುದಿಲ್ಲ.

ಮಳೆ ಬಿದ್ದರೆ ತಗಡಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಏಪ್ರಿಲ್ ಬಿಸಿಲಿಗೆ ಕೂರಲು ಆಗುವುದಿಲ್ಲ. ಗೋಣಿ ಹಾಸಿಕೊಂಡರೆ ಆಯಿತು.

ಮೈಲುತುತ್ತದ ಪರೀಕ್ಷೆ

ಯಾವ ದೋಣಿ ಮಾರುವವರೂ ಹೇಳದ ಸಂಗತಿ ಇದು. ಅಡಿಕೆ ಬೆಳೆಗಾರರು ಮಾತ್ರ ಕೇಳಬೇಕಾದ್ದು.

ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದವರು ನಮ್ಮಲ್ಲಿ ಇಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎರಡೂ ದೋಣಿಯಲ್ಲೇ ದಾಟುತ್ತವೆ. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ನೀರಿಗೆ ಹಾಕಿದರೆ ಕೆಂಪಾಗುವುದನ್ನು ಶಾಲೆಯಲ್ಲಿ ನೋಡಿದ್ದೇವಲ್ಲ? ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಅಲ್ಯೂಮಿನಿಯಂಗೂ ಅದೇ ಗತಿ. ಮೊದಲ ಮಳೆಗಾಲದಲ್ಲಿ ಒಂದು ಚೀಲ ಒದ್ದೆಯಾಗಿ, ನೀಲಿ ನೀರು ತಳದಲ್ಲಿ ನಿಂತಿತ್ತು. ಎರಡು ದಿನ ಗಮನಿಸಲಿಲ್ಲ. ತೊಳೆದಾಗ ಕೆಂಪು ಚುಕ್ಕಿ, ಚುಕ್ಕಿಯ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. ಸುಣ್ಣವೂ ಇದಕ್ಕೆ ಆಗದು, ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಹೊದ್ದುಕೊಂಡ ತೆಳು ಪದರವನ್ನು ಅದು ಕಿತ್ತು ಹಾಕುತ್ತದೆ. ಮೂರು ವರ್ಷದ ಬೊಡ್ಡೆ ಪೆಟ್ಟು ಮಾಡದ ಹಾನಿಯನ್ನು ಆ ಒಂದು ಚೀಲ ಮಾಡಿತು.

ಫೈಬರ್ ದೋಣಿಗೆ ಮೈಲುತುತ್ತದಿಂದ ಏನೂ ಆಗಲಿಲ್ಲ, ನೀಲಿ ಕಲೆ ಬಿಟ್ಟು. ಮರಕ್ಕಂತೂ ತಾಮ್ರ ಒಳ್ಳೆಯದೇ, ಬೂಸ್ಟು ಹಿಡಿಯುವುದಿಲ್ಲ. ಆದರೆ ಕಬ್ಬಿಣದ ಮೊಳೆ ಇದ್ದರೆ ಅವು ಹೋಗುತ್ತವೆ. ನಮ್ಮ ದೋಣಿಯಲ್ಲಿ ಅಪ್ಪ ತಾಮ್ರದ ಮೊಳೆ ಹೊಡೆಸಿದ್ದರು. ದುಬಾರಿ ಅಂತ ಆಗ ಮನೆಯಲ್ಲಿ ಮಾತು ಬಂದಿತ್ತಂತೆ. ಆಮೇಲೆ ರಿಪೇರಿಯಲ್ಲಿ ನಾನು ಹೊಡೆಸಿದ ಕಬ್ಬಿಣದ ಮೊಳೆಗಳ ತಲೆ ಉದುರಿವೆ, ಅಪ್ಪನ ಮೊಳೆಗಳು ಹಾಗೇ ಇವೆ.

ಈಗ ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತಿದೆ. ಜನ ದಾಟುವುದು ಅಲ್ಯೂಮಿನಿಯಂ ದೋಣಿಯಲ್ಲಿ. ಒಂದೇ ದೋಣಿ ಇಟ್ಟುಕೊಳ್ಳಬೇಕಾದರೆ ನಾನು ಅದನ್ನೇ ಆರಿಸುತ್ತೇನೆ, ಮೈಲುತುತ್ತ, ಸುಣ್ಣ ಎರಡನ್ನೂ ಮುಚ್ಚಳದ ಡ್ರಮ್ಮಿನಲ್ಲಿ ಮಾತ್ರ ಸಾಗಿಸುವ ಕಟ್ಟುನಿಟ್ಟಿನ ಜೊತೆಗೆ. ಗೊಬ್ಬರ, ಬೋರ್ಡೋ ಸಾಮಾನಿಗೆ ಫೈಬರ್ ಇದೆ. ಬೊಕ್ಕೆ ತೆಗೆದು, ಎರಡು ತಿಂಗಳು ಒಣಗಿಸಿ, ತಳಕ್ಕೆ ಎಪಾಕ್ಸಿ ಹೊಡೆಸಿದ ಮೇಲೆ ಹೊಸ ಬೊಕ್ಕೆ ಬಂದಿಲ್ಲ. ಮರದ ದೋಣಿಗೆ ಈ ವರ್ಷ ಅಂಚಿನ ಮೂರು ಹಲಗೆ ಬದಲಾಗಬೇಕು. ಬತ್ತಿ ಬಡಿಯಲು ಬರುವ ಮೇಸ್ತ್ರಿ ಒಬ್ಬರೇ ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ. ಹೆಬ್ಬಲಸಿನ ಹಲಗೆ ಕೊಯ್ಸಿ ಕೊಟ್ಟಿಗೆ ಅಟ್ಟದ ಮೇಲೆ ಒಣಗಲು ಹಾಕಿದ್ದೇನೆ. ತಾಮ್ರದ ಮೊಳೆ ಎರಡು ಕೆಜಿ ತಂದಿಟ್ಟಿದ್ದೇನೆ. ಶಿವರಾತ್ರಿ ಕಳೆದ ಮೇಲೆ ಬರುತ್ತೇನೆ ಅಂತ ಮೇಸ್ತ್ರಿ ಅಂದಿದ್ದಾರೆ. ಮಗನಿಗೆ ಕೆಲಸ ನಡೆಯುವ ಹದಿನೈದು ದಿನ ಅವರ ಜೊತೆಗೇ ಕೂರಲು ಹೇಳಿದ್ದೇನೆ.