‘ನೂರು ವರ್ಷದ ತೇಗದ ಕುರ್ಚಿ’: ಬೆಲೆ ಕೇಳುವ ಮೊದಲು ಕವುಚಿ ಹಾಕಿ ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮನೆಯವರು ಗೃಹಪ್ರವೇಶಕ್ಕೆಂದು ಐದು ಹಳೆಯ ಕುರ್ಚಿ ಕೊಂಡರು. ಜಗಲಿಗೆ ಉದ್ದ ಕೈಯ ಪ್ಲಾಂಟರ್ಸ್ ಚೇರ್ ಒಂದು, ಊಟದ ಮೇಜಿಗೆ ಬೆತ್ತ ಹೆಣೆದ ಕುರ್ಚಿ ನಾಲ್ಕು. ಒಟ್ಟು 62,000 ರೂಪಾಯಿ. ಕೊಡಗಿನ ಎಸ್ಟೇಟ್ ಬಂಗ್ಲೆಯ ಮಾಲು, ಅಪ್ಪಟ ತೇಗ, ನೂರು ವರ್ಷ ದಾಟಿದೆ ಎಂದು ಮಾರಿದವರ ಮಾತು. ಕೊಂಡದ್ದು ಬೇಸಿಗೆಯಲ್ಲಿ. ಆಟಿ ತಿಂಗಳ ಮಳೆ ಬರುವಷ್ಟರಲ್ಲಿ ಎರಡು ಕುರ್ಚಿಗಳ ಕೆಳಗೆ ಗೋಧಿ ಹಿಟ್ಟಿನಂಥ ಹುಡಿ ಉದುರತೊಡಗಿತು, ಮೂರನೆಯದರ ಬೆತ್ತ ಅಂಚಿನಲ್ಲಿ ತುಂಡಾಯಿತು, ನಾಲ್ಕನೆಯದರಲ್ಲಿ ಮನೆಯ ಹಿರಿಯರು ಊಟ ಮುಗಿಸಿ ಹಿಂದಕ್ಕೆ ಒರಗಿದಾಗ ಹಿಂಗಾಲು ಸಂದಿನಲ್ಲೇ ಕಿತ್ತು ಬಂತು. ಅವರಿಗೆ ಪೆಟ್ಟಾಗಲಿಲ್ಲ, ಪುಣ್ಯ. ಕುರ್ಚಿಗಳನ್ನು ಬಿಚ್ಚಿ ನೋಡಿದಾಗ ಒಳಗೆ ಏನಿತ್ತು, ಕೊಳ್ಳುವ ಹೊತ್ತಿಗೇ ಅದನ್ನು ಕಂಡುಹಿಡಿಯುವುದು ಹೇಗಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲೊಂದು ಮಾತು. ನಮ್ಮ ಕಡೆ ಒಳ್ಳೆಯ ಹಳೆಯ ಕುರ್ಚಿ ಸಿಗುವುದೇ ಇಲ್ಲ ಅಂತಲ್ಲ. ಹೆದ್ದಾರಿ 66 ಆರು ಪಥವಾಗುವಾಗ ರಸ್ತೆ ಬದಿಯ ಎಷ್ಟೋ ಹಳೆಯ ಕಟ್ಟಡಗಳು ಹೋದವು, ಪಾಲಾದ ತರವಾಡು (ಕೂಡುಕುಟುಂಬದ) ಮನೆಗಳ ಸಾಮಾನು ಅದಕ್ಕೂ ಮೊದಲಿನಿಂದ ಗುಜರಿ ಸೇರುತ್ತಿತ್ತು. ಅಸಲಿ ಮಾಲು ಉಂಟು. ಆದರೆ ಅಸಲಿ ಒಂದರ ಜೊತೆ ನಕಲಿ ಮೂರು ಅದೇ ಬಣ್ಣ ಬಳಿಸಿಕೊಂಡು ಬರುತ್ತವೆ. ಈ ಐದರಲ್ಲಿ ಪ್ಲಾಂಟರ್ಸ್ ಚೇರ್ ನಿಜಕ್ಕೂ ಹಳೆಯ ತೇಗ. ಅದನ್ನು ಮುಟ್ಟಿ ನೋಡಿ, ಉಳಿದ ನಾಲ್ಕನ್ನು ಅದರ ಲೆಕ್ಕದಲ್ಲೇ ನಂಬಿಬಿಟ್ಟರು. ಸೆಟ್ ಎಂದು ಹೇಳಿದ ಮಾತ್ರಕ್ಕೆ ಸೆಟ್ ಆಗುವುದಿಲ್ಲ. ಪ್ರತಿ ಕುರ್ಚಿಯನ್ನೂ ಬೇರೆಯಾಗಿಯೇ ನೋಡಬೇಕು.

ಮುರಿದ ಸಂದಿನಿಂದಲೇ ಶುರು ಮಾಡೋಣ. ಹಳೆಯ ಆಚಾರಿಗಳು ಕಾಲಿನಲ್ಲಿ ಚೌಕದ ಗುಳಿ ಕಡಿದು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ಕೂರಿಸುತ್ತಿದ್ದರು. ನಾಲಿಗೆ 30 ಮಿಲಿಮೀಟರಾದರೂ ಒಳಗೆ ಹೋಗುತ್ತದೆ, ಜಾರದಂತೆ ಅಡ್ಡಲಾಗಿ ಒಂದು ಮರದ ಆಣಿ. ಕಿತ್ತು ಬಂದ ಕಾಲಿನಲ್ಲಿ ಗುಳಿಯೂ ಇಲ್ಲ, ನಾಲಿಗೆಯೂ ಇಲ್ಲ. ಪಟ್ಟಿಯನ್ನು ಕಾಲಿಗೆ ಆನಿಸಿ, ಪೆನ್ಸಿಲ್ ದಪ್ಪದ ಎರಡು ಮರದ ಗೂಟ ತೂರಿಸಿದ್ದರು, ಕಾಲಿನೊಳಗೆ ಹೋದದ್ದು ಹತ್ತು ಮಿಲಿಮೀಟರ್ ಮಾತ್ರ. ಸಾಲದೆ ಬಂದದ್ದಕ್ಕೆ ಜಿಪ್ಸಮ್ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಒಂದು. ಅದರ ತಲೆಯನ್ನು ಆಳಕ್ಕೆ ಇಳಿಸಿ, ಮೇಲೆ ಮರದ ಹುಡಿಗೆ ಬಿಳಿ ಅಂಟು ಕಲಸಿ ಮೆತ್ತಿ, ಬಣ್ಣ ಸವರಿ ಮುಚ್ಚಿದ್ದರು. ಹಿಂದಕ್ಕೆ ಒರಗಿದಾಗ ಮೈಭಾರವೆಲ್ಲ ಹಿಂಗಾಲು ಮತ್ತು ಕೂರುವ ಚೌಕಟ್ಟು ಸೇರುವ ಜಾಗವನ್ನು ಮೀಟುತ್ತದೆ. ಕಪ್ಪು ಸ್ಕ್ರೂ ಗಡುಸು, ಬಾಗುವುದಿಲ್ಲ, ಪಟ್ಟನೆ ತುಂಡಾಗುತ್ತದೆ. ಆಗಿದ್ದೂ ಅದೇ.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಡ. ಒಂದು ಮೊಣಕಾಲು ಕೂರುವ ಜಾಗದಲ್ಲಿ ಊರಿ, ಎರಡೂ ಕೈಯಲ್ಲಿ ಬೆನ್ನಿನ ಮೇಲ್ಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಒತ್ತಿ. ಕಣ್ಣು ಹಿಂಗಾಲಿನ ಸಂದಿನ ಮೇಲಿರಲಿ. ಕೂದಲೆಳೆಯಷ್ಟು ಬಾಯಿ ಬಿಟ್ಟು ಮುಚ್ಚಿದರೆ ಸಂದು ಸಡಿಲ. ಸಡಿಲ ಅಂದ ಕೂಡಲೇ ಬಿಟ್ಟು ಬರಬೇಕಾಗಿಲ್ಲ. ಹಳೆಯ ಕುರ್ಚಿಗೆ ಹಾಕುತ್ತಿದ್ದ ಸರೇಸು ಎಂಬ ಅಂಟು ಬಿಸಿನೀರು, ಹಬೆ ತಾಗಿದರೆ ಕರಗುತ್ತದೆ. ಬಿಚ್ಚಿ, ಹಳೆಯ ಅಂಟು ಕೆರೆದು, ಮತ್ತೆ ಕೂರಿಸಿದರೆ ಕುರ್ಚಿ ಇನ್ನೊಂದು ತಲೆಮಾರು ಬಾಳುತ್ತದೆ. ಅಲುಗಾಡುವ ಕುರ್ಚಿಗಿಂತ, ಮೊಳೆ ಹೊಡೆದು ಅಲುಗಾಟ ನಿಲ್ಲಿಸಿದ ಕುರ್ಚಿಗೆ ಹೆದರಬೇಕು. ಮೊಳೆ ನಾಲಿಗೆಯನ್ನೇ ಸೀಳಿರುತ್ತದೆ, ಅದನ್ನು ಕೀಳುವಾಗ ಉಳಿದದ್ದೂ ಸೀಳುತ್ತದೆ.

ಸ್ಕ್ರೂ ತಲೆ ನೋಡಿದರೆ ಕಾಲದ ಅಂದಾಜೂ ಸಿಗುತ್ತದೆ. ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದ ಕಾರ್ಖಾನೆಗಳಲ್ಲಿ. ನೂರು ವರ್ಷದ್ದೆನ್ನುವ ಕುರ್ಚಿಯಲ್ಲಿ ಒಂದು ಸ್ಟಾರ್ ಸ್ಕ್ರೂ ಇದ್ದರೆ ಯಾರೋ ರಿಪೇರಿ ಮಾಡಿರಬಹುದು, ಎಲ್ಲ ಕಡೆಯೂ ಅದೇ ಇದ್ದರೆ ಕುರ್ಚಿಯೇ ಹೊಸದು.

ಇನ್ನು ಮರ. ‘ಎತ್ತಿ ನೋಡಿ, ಭಾರ ಉಂಟಲ್ಲ, ತೇಗವೇ’ ಎಂಬ ಮಾತನ್ನು ನಂಬಬೇಡಿ. ಒಣಗಿದ ತೇಗಕ್ಕೂ ರಬ್ಬರ್ ಮರಕ್ಕೂ ಅಕೇಶಿಯಾಕ್ಕೂ ತೂಕದಲ್ಲಿ ಕೈಗೆ ತಿಳಿಯುವಷ್ಟು ವ್ಯತ್ಯಾಸ ಇರುವುದಿಲ್ಲ. ನಿಜವಾಗಿ ಭಾರವಾಗುವುದು ಬೀಟೆ. ನೋಡಬೇಕಾದ್ದು ಕಾಲಿನ ಅಡಿ, ಅಡ್ಡ ಕೊಯ್ದ ಮುಖ. ಅಲ್ಲಿ ಯಾರೂ ಪಾಲಿಶ್ ಹಾಕುವ ಗೋಜಿಗೆ ಹೋಗುವುದಿಲ್ಲ. ಉಜ್ಜುಕಾಗದದಲ್ಲಿ ನಾಲ್ಕು ಸಲ ತಿಕ್ಕಿ, ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ತೇಗದಲ್ಲಿ ಪ್ರತಿ ವರ್ಷದ ಬಳೆ ಶುರುವಾಗುವಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ಕಾಣುತ್ತವೆ, ಕೈಗೆ ಎಣ್ಣೆಯ ಜಿಡ್ಡು ತಾಗುತ್ತದೆ, ತೊಗಲಿನ ವಾಸನೆ. ರಬ್ಬರ್ ಮರದಲ್ಲಿ ರಂಧ್ರಗಳು ಚದುರಿರುತ್ತವೆ, ಮೈ ಕೆನೆ ಬಣ್ಣ, ಜಿಡ್ಡಿಲ್ಲ. ಆ ನಾಲ್ಕರಲ್ಲಿ ಎರಡು ಹೀಗೇ ಸಿಕ್ಕಿಬಿದ್ದವು: ಮೇಲೆ ಕಡುಕಂದು, ಒಂದು ಮಿಲಿಮೀಟರ್ ಕೆರೆದರೆ ಬಿಳುಪು. ಬೀಟೆ ಎಂದು ಹೇಳಿ ಕಪ್ಪು ಬಳಿದ ಅಕೇಶಿಯಾ ಮಾರುವುದಕ್ಕೂ ಇದೇ ಪರೀಕ್ಷೆ. ಅಸಲಿ ಬೀಟೆಯ ನೇರಳೆಗಂದು ಬಣ್ಣ ಕೆರೆದಷ್ಟೂ ಒಳಗೂ ಇರುತ್ತದೆ.

ರಬ್ಬರ್ ಮರವೇ ಕೆಟ್ಟದ್ದು ಅಂತಲೂ ಅಲ್ಲ. ಬೋರಾನ್ ಉಪ್ಪಿನ ದ್ರಾವಣವನ್ನು ಒತ್ತಡದಲ್ಲಿ ಒಳಗಿಳಿಸಿದ ರಬ್ಬರ್ ಮರದ ಮೇಜು ಕುರ್ಚಿ ಚೆನ್ನಾಗಿಯೇ ಬಾಳುತ್ತದೆ. ಆ ಉಪಚಾರ ಇಲ್ಲದ ಹಸಿ ಮರವಾದರೆ ಕುಟ್ಟೆ ಹುಳಕ್ಕೆ ಹಬ್ಬ, ಏಕೆಂದರೆ ಅದರಲ್ಲಿ ಪಿಷ್ಟ ಹೆಚ್ಚು, ಹುಳಕ್ಕೆ ಬೇಕಾದ್ದೇ ಅದು. ತೇಗದಲ್ಲೂ ತಿರುಳಿನ ಸುತ್ತಲ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ, ತಿರುಳನ್ನು ಮುಟ್ಟುವುದಿಲ್ಲ.

ಕುಟ್ಟೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ. ಒಂದರಿಂದ ಮೂರು ಮಿಲಿಮೀಟರಿನ ದುಂಡು ತೂತು ಎಂದರೆ ಹುಳ ಬೆಳೆದು ಹೊರಗೆ ಹಾರಿ ಹೋದ ದಾರಿ. ತೂತಿನ ಅಂಚು ಕಪ್ಪಾಗಿ, ಒಳಗೆ ಧೂಳು ಕಟ್ಟಿದ್ದರೆ ಅದು ಹಳೆಯ ಕಥೆ. ಅಂಚು ಚೂಪಾಗಿ, ಒಳಗೆ ಹೊಸ ಮರದ ಬಣ್ಣ ಕಂಡರೆ, ತಟ್ಟಿದಾಗ ನುಣುಪು ಹುಡಿ ಉದುರಿದರೆ ಒಳಗೆ ಮರಿಗಳು ತಿನ್ನುತ್ತಲೇ ಇವೆ. ಮಾರುವವರು ತೂತುಗಳಿಗೆ ಬಣ್ಣದ ಮೇಣ ತುಂಬಿ ಮೇಲೆ ಪಾಲಿಶ್ ಎಳೆಯುತ್ತಾರೆ. ಬೇಸಿಗೆಯಲ್ಲಿ ಏನೂ ಕಾಣುವುದಿಲ್ಲ, ಮಳೆಗಾಲದ ತೇವಕ್ಕೆ ಹುಳ ಚುರುಕಾಗಿ ಹೊಸ ತೂತು ತೋಡುತ್ತದೆ. ಟಾರ್ಚನ್ನು ಮರದ ಮೈಗೆ ಓರೆಯಾಗಿ ಹಿಡಿಯಿರಿ, ಮೇಣದ ಚುಕ್ಕೆಗಳು ಸುತ್ತಲಿನ ಮರಕ್ಕಿಂತ ಬೇರೆ ಥರ ಹೊಳೆಯುತ್ತವೆ. ಅನುಮಾನ ಬಂದರೆ ಮುಂಗಡ ಮಾತ್ರ ಕೊಟ್ಟು, ಕುರ್ಚಿಯನ್ನು ಹದಿನೈದು ದಿನ ಕಪ್ಪು ಬಟ್ಟೆಯ ಮೇಲೆ ಇಡಿಸಿ. ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.

ಹುಳ ಇದ್ದೂ ಕುರ್ಚಿ ಬೇಕೇ ಬೇಕು ಅನಿಸಿದರೆ, ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ದ್ರಾವಣ ಕೆಲಸ ಮಾಡುತ್ತದೆ, ಆದರೆ ಪಾಲಿಶ್ ಪೂರ್ತಿ ತೆಗೆದ ಬರಿಯ ಮರದ ಮೇಲೆ ಮಾತ್ರ. ಪಾಲಿಶ್ ಮೇಲೆ ಬಳಿದರೆ ಒಳಗಿಳಿಯುವುದಿಲ್ಲ. ಬಿಸಿಲಿಗಿಟ್ಟರೆ ಸಾಯುತ್ತದೆ ಎಂಬುದು ಅರ್ಧ ಸತ್ಯ: ಮೈ ಸುಡುತ್ತದೆ, ನಡುವಿನ ಮರಿಗೆ ಅಷ್ಟು ಬಿಸಿ ಮುಟ್ಟುವುದಿಲ್ಲ. ಅಕ್ಕಿ ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕುರ್ಚಿಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೋಣೆಯಲ್ಲಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಕೇಳಬೇಡಿ. ಅದರಿಂದ ಬರುವ ಫಾಸ್ಫೀನ್ ಅನಿಲ ಮಲಗಿದ್ದ ಮನೆಮಂದಿಯನ್ನು ಕೊಂದ ಪ್ರಕರಣಗಳು ದೇಶದಲ್ಲಿ ನಡೆದಿವೆ. ಅದು ಪರವಾನಗಿ ಇರುವ ಕೀಟ ನಿಯಂತ್ರಣದವರ ಕೆಲಸ.

ಹಳೆಯದಾಗಿ ಕಾಣಿಸುವ ವಿದ್ಯೆಗೆ ಹೆಚ್ಚು ಖರ್ಚಿಲ್ಲ. ಚಹಾ ಡಿಕಾಕ್ಷನ್, ಪೊಟ್ಯಾಶಿಯಂ ಪರ್ಮಾಂಗನೇಟ್, ವಿನೆಗರಿನಲ್ಲಿ ನೆನೆಸಿದ ಕಬ್ಬಿಣದ ನಾರು, ಸುಣ್ಣ ಸಾಕು. ಇವು ಕವುಚಿದಾಗ ಕಾಣುವ ತಳಭಾಗದಲ್ಲೂ ಒಂದೇ ಸಮ ಬಣ್ಣ ಕೊಡುತ್ತವೆ. ನಿಜವಾಗಿ ಹಳೆಯ ಕುರ್ಚಿಯ ತಳಕ್ಕೆ ಯಾರೂ ಬಣ್ಣ ಹಾಕಿರುವುದಿಲ್ಲ, ಅದು ಒಣಗಿ ಬೂದುಗಂದು ಬಣ್ಣಕ್ಕೆ ತಿರುಗಿರುತ್ತದೆ, ಕೈಯಾಡಿಸಿದರೆ ತೋಪಡದ ಸಣ್ಣ ಅಲೆಗಳು ತಿಳಿಯುತ್ತವೆ. ಸವೆತವೂ ಅಷ್ಟೆ: ಕೈಯ ಮುಂದಿನ ತುದಿ, ಪಾದ ಇಡುವ ಮುಂದಿನ ಅಡ್ಡಪಟ್ಟಿ, ಎಳೆಯಲು ಹಿಡಿಯುವ ಬೆನ್ನಿನ ಮೇಲ್ಪಟ್ಟಿ, ಇಷ್ಟೇ ಸವೆಯುವುದು. ಯಾರ ಕೈಕಾಲೂ ತಾಗದ ಹಿಂದಿನ ಅಡ್ಡಪಟ್ಟಿಯೂ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ. ಪಾಲಿಶ್ ಯಾವುದೆಂದು ತಿಳಿಯಲು ಹತ್ತಿಯಲ್ಲಿ ಸ್ಪಿರಿಟ್ ತೆಗೆದುಕೊಂಡು ಮರೆಯ ಜಾಗದಲ್ಲಿ ಒತ್ತಿ ಹಿಡಿಯಿರಿ. ಅರಗಿನ ಪಾಲಿಶ್ ಕರಗಿ ಅಂಟಂಟಾಗುತ್ತದೆ, ಈಗಿನ ಪಿಯು (ಪಾಲಿಯುರೆಥೇನ್) ಪಾಲಿಶ್ ಜಪ್ಪಯ್ಯ ಅನ್ನುವುದಿಲ್ಲ.

ಅಳತೆ ಟೇಪ್ ಒಯ್ಯಲು ಮರೆಯಬೇಡಿ. ಊಟದ ಕುರ್ಚಿಯ ಕೂರುವ ಎತ್ತರ 43ರಿಂದ 46 ಸೆಂಟಿಮೀಟರ್ ಇರಬೇಕು, ಮೇಜು 75 ಆಸುಪಾಸು. ಇಲ್ಲಿನ ಮೂರನೆಯ ಕುರ್ಚಿ ಹಳೆಯದೇ, ತೇಗವೇ, ಆದರೆ ಎತ್ತರ 39. ದಿನಾ ನೆಲ ಒರೆಸುವ ನೀರಿಗೆ ಕಾಲಿನ ತುದಿ ಕುಂಬಾಗಿ, ನಾಲ್ಕೂ ಕಾಲನ್ನು ಕೊಯ್ದಿದ್ದರು. ಕಡೆದ ಕಾಲಾದರೆ ಇದು ಬೇಗ ಗೊತ್ತಾಗುತ್ತದೆ: ಕೊನೆಯ ಬಳೆಯ ಕೆಳಗೆ ಪಾದವೇ ಇರುವುದಿಲ್ಲ, ಕೆಳಗಿನ ಅಡ್ಡಪಟ್ಟಿ ನೆಲಕ್ಕೆ ತೀರಾ ಹತ್ತಿರ ಬಂದಿರುತ್ತದೆ. ನಾಲ್ಕನೆಯದು ಎರಡು ಕುರ್ಚಿ ಸೇರಿಸಿ ಮಾಡಿದ್ದು, ಬೆನ್ನು ಒಂದರದ್ದು, ಕಾಲು ರಬ್ಬರ್ ಮರದ್ದು. ಮುರಿದು ಬಿದ್ದದ್ದು ಇದೇ.

ಬೆತ್ತಕ್ಕೆ ಬಂದರೆ, ಕೈಯಲ್ಲಿ ಹೆಣೆದ ಕುರ್ಚಿಯ ಚೌಕಟ್ಟಿನ ಸುತ್ತ ಸುಮಾರು ಅರ್ಧ ಇಂಚಿಗೊಂದು ತೂತು ಇರುತ್ತದೆ, ಕೆಳಗೆ ಗಂಟುಗಳು ಕಾಣುತ್ತವೆ. ತೂತು ಮುಚ್ಚಿ, ಸುತ್ತ ಸಣ್ಣ ಕಾಲುವೆಯಂತೆ ಕೊರೆದು, ಯಂತ್ರದಲ್ಲಿ ಹೆಣೆದ ಹಾಳೆಯನ್ನು ಅಂಟು ಹಾಕಿ ಒತ್ತಿದ್ದರೆ ಅದು ಆಮೇಲಿನ ಕೆಲಸ, ಬೆಲೆ ಇಳಿಸಿ ಕೇಳಿ. ಪ್ಲಾಸ್ಟಿಕ್ ಎಳೆಗೆ ಗಂಟಿನ ಗುರುತಿಲ್ಲ, ನೀರು ಹೀರುವುದಿಲ್ಲ. ಅಸಲಿ ಬೆತ್ತ ಒಣಗಿದರೆ ಚೌಕಟ್ಟಿನ ಅಂಚಿನಲ್ಲೇ ಮೊದಲು ಕಡಿಯುತ್ತದೆ. ಅಡಿಯಿಂದ ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿ, ನೆರಳಲ್ಲಿ ಒಣಗಿಸಿದರೆ ಬಾಳುತ್ತದೆ. ಅದೇ ಗಂಟುಗಳ ಸಂದಿಯಲ್ಲಿ ಕಪ್ಪು ಚುಕ್ಕೆ, ಕಂದು ಪೊರೆ ಕಂಡರೆ ತಿಗಣೆ. ಕುರ್ಚಿ ಅಂಗಳ ದಾಟಿ ಒಳಗೆ ಬರುವುದು ಬೇಡ. ಹಳೆಯ ಪೇಂಟ್ ಇರುವ ಕುರ್ಚಿಯನ್ನು ಒಣದಾಗಿ ಉಜ್ಜಬೇಡಿ. ಮನೆಯ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರಲ್ಲಿ, ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ನೂರು ವರ್ಷ ಎಂದು ಜೋರಾಗಿ ಹೇಳುವವರಿಗೆ ಒಂದು ಪ್ರಶ್ನೆ ಕೇಳಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲ ಕೆಲಸದ ವಸ್ತು ಪ್ರಾಚ್ಯವಸ್ತು. ಅಂಥದ್ದನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪರವಾನಗಿ ತೋರಿಸಿ ಎಂದರೆ ಸಾಮಾನ್ಯವಾಗಿ ನೂರು ವರ್ಷ ಅರುವತ್ತಕ್ಕೆ ಇಳಿಯುತ್ತದೆ, ಬೆಲೆಯನ್ನೂ ಅದರ ಜೊತೆಗೇ ಇಳಿಸಿಕೊಳ್ಳಿ. ಕೊಲ್ಲಿಯಲ್ಲಿರುವ ಮಕ್ಕಳ ಮನೆಗೆ ಬೀಟೆಯ ಕುರ್ಚಿ ಕಳಿಸುವ ಯೋಚನೆ ಇದ್ದವರು ಇನ್ನೊಂದನ್ನೂ ತಿಳಿದಿರಿ: ಬೀಟೆ 2017ರ ಜನವರಿಯಿಂದ ಅಳಿವಿನ ಭಯವಿರುವ ಪ್ರಾಣಿ-ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಕಾಗದಪತ್ರ ಮೊದಲೇ ವಿಚಾರಿಸಬೇಕು.

ಬದಿಯಡ್ಕದವರ ಕೈಯಲ್ಲಿದ್ದ ಬಿಲ್ಲಿನಲ್ಲಿ ಮಲಯಾಳದಲ್ಲಿ ‘ಫರ್ನಿಚರ್, 5’ ಎಂದಷ್ಟೇ ಇತ್ತು. ತೇಗವೂ ಇಲ್ಲ, ವರ್ಷವೂ ಇಲ್ಲ. ಬಾಯಲ್ಲಿ ಹೇಳಿದ್ದಷ್ಟನ್ನೂ ಬಿಲ್ಲಿನಲ್ಲಿ ಬರೆಸಿ: ಯಾವ ಮರ, ಸುಮಾರು ಯಾವ ಕಾಲದ್ದು, ಏನೇನು ಬದಲಾಯಿಸಿದೆ, ಕುಟ್ಟೆ ಕಂಡರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ. ಓದಲು ಬಾರದ ಲಿಪಿಯಲ್ಲಿದ್ದರೆ ದುಡ್ಡು ಕೊಡುವ ಮೊದಲು ಓದಿಸಿಕೊಳ್ಳಿ. ಕವುಚಿದ ಕುರ್ಚಿಯ ಫೋಟೋ ಅಂಗಡಿಯಲ್ಲೇ ತೆಗೆದಿಡಿ. ಈಗಾಗಲೇ ಮೋಸ ಹೋಗಿದ್ದರೆ ರಿಪೇರಿಗೆ ಕೊಡುವ ಮೊದಲು ಮುರಿದ ಸಂದು, ಹುಡಿ, ಕೆರೆದ ಜಾಗ ಎಲ್ಲದರ ಫೋಟೋ ತೆಗೆಯಿರಿ, ತುಂಡುಗಳನ್ನು ಎಸೆಯಬೇಡಿ. ಅಂಗಡಿಗೆ ಲಿಖಿತವಾಗಿ ತಿಳಿಸಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.