ಎಟಿಮಾನ್‌ಲೈನ್: ‘ಗೆಟ್’ ಹಿಡಿದು ಒಂದು ಪರೀಕ್ಷೆ

ಇಂಗ್ಲಿಷ್ ಪದಗಳ ಮೂಲ ಹುಡುಕುವವರಿಗೆ ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮಾನ್‌ಲೈನ್ ಒಳ್ಳೆಯ ಜಾಲತಾಣ. ಪದ ಹುಡುಕಲು ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಆದರೆ ಓದುವ ಕ್ರಮ ಗೊತ್ತಿಲ್ಲದಿದ್ದರೆ ದಾರಿ ತಪ್ಪುವುದೂ ಸುಲಭ.

‘ಗೆಟ್’ ಅಂತ ಹಾಕಿ ನೋಡಿ. ನಾಮಪದ, ಕ್ರಿಯಾಪದಗಳಿಗೆ ನಮೂದು ಬೇರೆ ಬೇರೆ. ‘ವಿ’ (ವರ್ಬ್, ಅಂದರೆ ಕ್ರಿಯಾಪದ) ಎಂದಿರುವುದನ್ನು ತೆರೆಯಿರಿ. ಮೊದಲಿಗೇ ಸುಮಾರು 1200 ಎಂಬ ಇಸವಿ ಕಾಣುತ್ತದೆ. ಅದು ಪದ ಹುಟ್ಟಿದ ವರ್ಷವಲ್ಲ, ಇಂಗ್ಲಿಷ್ ಬರಹದಲ್ಲಿ ಉಳಿದು ಬಂದಿರುವ ಅತಿ ಹಳೆಯ ದಾಖಲೆಯ ಕಾಲ. ಮುಂದೆ ಬರುವ ‘ಗೆಟ’ ಹಳೆಯ ನಾರ್ಸ್ ಭಾಷೆಯದು, ಅಂದರೆ ವೈಕಿಂಗರ ನುಡಿ. ಹಳೆಯ ಇಂಗ್ಲಿಷಿಗೂ ಇದೇ ಧಾತು ಇತ್ತು, ಆದರೆ ಹೆಚ್ಚಾಗಿ ‘ಫರ್ಗೆಟ್’, ‘ಬಿಗೆಟ್’ಗಳ ಪೂರ್ವರೂಪಗಳಂಥ ಕೂಡುಪದಗಳಲ್ಲಿ. ಅಲ್ಲಿ ಬರವಣಿಗೆಯ ‘ಗ’ ಬಾಯಲ್ಲಿ ‘ಯ’ ಆಗುತ್ತಿತ್ತು. ಇವತ್ತಿನ ಗಟ್ಟಿ ‘ಗ’ ನಾರ್ಸ್‌ನ ಪ್ರಭಾವ.

ನಕ್ಷತ್ರ ಚಿಹ್ನೆ ಇರುವ ರೂಪಗಳ ಹತ್ತಿರ ಸ್ವಲ್ಪ ನಿಧಾನಿಸಿ. ಇಂಗ್ಲಿಷ್, ನಾರ್ಸ್‌ಗಳ ಮೂಲಭಾಷೆಯಾದ ಆದಿಜರ್ಮಾನಿಕ್‌ನ *ಗೆಟನ್, ಅದಕ್ಕೂ ಹಿಂದಿನ, ಲ್ಯಾಟಿನ್ ಸಂಸ್ಕೃತಗಳಿಗೂ ಮೂಲವಾದ ಆದಿ ಇಂಡೋ-ಯುರೋಪಿಯನ್ನಿನ *ಘೆಂಡ್: ಇವೆರಡೂ ಯಾವ ಶಾಸನದಲ್ಲೂ ಇಲ್ಲ, ಭಾಷಾವಿಜ್ಞಾನಿಗಳು ಹೋಲಿಕೆಯಿಂದ ಕಟ್ಟಿದ ರೂಪಗಳು. *ಘೆಂಡ್ ಮೇಲೆ ಒತ್ತಿದರೆ ಧಾತುವಿನ ಪುಟ ತೆರೆದುಕೊಳ್ಳುತ್ತದೆ. ಈ ತಾಣದ ಅಸಲಿ ಬೆಲೆ ಇರುವುದು ಅಲ್ಲೇ. ಹಿಡಿಯುವುದು ಎಂಬ ಅರ್ಥದ ಆ ಧಾತುವಿನಿಂದ ಲ್ಯಾಟಿನ್ ದಾರಿಯಲ್ಲಿ ‘ಕಾಂಪ್ರಿಹೆಂಡ್’, ‘ಪ್ರಿಸನ್’, ‘ಸರ್ಪ್ರೈಸ್’ ಬಂದಿವೆ. ‘ಗೆಟ್’ಗೂ ‘ಕಾಂಪ್ರಿಹೆಂಡ್’ನ ‘ಹೆಂಡ್’ಗೂ ಏನು ಸಂಬಂಧ ಎಂದರೆ, ಜರ್ಮಾನಿಕ್‌ನಲ್ಲಿ ‘ಘ್’ ಹೋಗಿ ‘ಗ್’, ‘ಡ್’ ಹೋಗಿ ‘ಟ್’ ಆಯಿತು. ಲ್ಯಾಟಿನ್ನಿನಲ್ಲಿ ‘ಘ್’ ‘ಹ್’ ಆಗಿ ‘ಡ್’ ಉಳಿಯಿತು. ಎರಡನೆಯ ಬದಲಾವಣೆಗೆ ಸಾಕ್ಷಿ ನಮ್ಮ ಬಾಯಲ್ಲೇ ಇದೆ: ಸಂಸ್ಕೃತದ ದಶ, ದ್ವಿ, ದಂತ ಇಂಗ್ಲಿಷಿನಲ್ಲಿ ಟೆನ್, ಟೂ, ಟೂತ್.

ಅರ್ಥಗಳ ವಿಷಯದಲ್ಲಿ ಮಾತ್ರ ತಾಣ ತೆಳು. ಪಡೆಯುವುದರಿಂದ ‘ಆಗುವುದು’, ‘ತಿಳಿಯುವುದು’, ‘ಮಾಡಲೇಬೇಕು’ ಎನ್ನುವವರೆಗೆ ‘ಗೆಟ್’ ಹೇಗೆ ಹಬ್ಬಿತು ಎಂಬುದು ಇಸವಿ ಸಮೇತ ಸಿಕ್ಕಿದರೂ, ಆಯಾ ಕಾಲದ ಉದಾಹರಣೆ ವಾಕ್ಯಗಳು ಸಾಲಾಗಿ ಸಿಗುವುದಿಲ್ಲ. ಅದಕ್ಕೆ ಚಂದಾ ಕಟ್ಟಿ ಆಕ್ಸ್‌ಫರ್ಡ್ ಮಹಾನಿಘಂಟನ್ನೇ ನೋಡಬೇಕು. ‘ಗೆಟ್ ಓವರ್’, ‘ಗೆಟ್ ಬೈ’ ಬಳಸುವುದನ್ನು ಕಲಿಯಬೇಕಾದ ಪಿಯು ವಿದ್ಯಾರ್ಥಿಗಳಿಗಂತೂ ಇದು ತಕ್ಕ ಜಾಗವಲ್ಲ.

ಇಲ್ಲಿಂದ ನಕಲು ಮಾಡುವವರು ಬಹಳ ಸಲ ಬಿಟ್ಟುಬಿಡುವುದು ‘ಪ್ರಾಬಬ್ಲಿ’, ‘ಪರ್ಹ್ಯಾಪ್ಸ್’ ಎಂಬ ಎಚ್ಚರಿಕೆಯ ಮಾತುಗಳನ್ನು. ‘ಗೆಸ್’ ಕೂಡ ಈ ಕುಟುಂಬದ್ದಿರಬಹುದು ಎಂಬ ಊಹೆ, ಆ ಒಂದು ಪದ ಬಿಟ್ಟರೆ ಸಾಕು, ಸಿದ್ಧಾಂತವಾಗಿಬಿಡುತ್ತದೆ.