ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಮನೆಯ ಫೋಟೋಗಳು: ಒಂದೂವರೆ ವರ್ಷ ಬಳಸಿದ ಮೇಲೆ

ಮನೆಯ ಕಂಪ್ಯೂಟರಿನಲ್ಲಿ, ಎರಡು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮತ್ತು ಮೇಜಿನ ಖಾನೆಯಲ್ಲಿ ಬಿದ್ದಿದ್ದ ನಾಲ್ಕೈದು ಪೆನ್ ಡ್ರೈವ್‌ಗಳಲ್ಲಿ ಚದುರಿಹೋಗಿದ್ದ ಸುಮಾರು 86,000 ಫೋಟೋ ಹಾಗೂ ವಿಡಿಯೊಗಳನ್ನು ಒಂದೆಡೆ ಸೇರಿಸಬೇಕೆಂದು ಒಂದೂವರೆ ವರ್ಷದ ಹಿಂದೆ ಎರಡು ಹಾರ್ಡ್ ಡಿಸ್ಕ್ ಹಿಡಿಸುವ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಯೊಂದನ್ನು ಕೊಂಡೆ. ಬಳಸುವವರು ಇದನ್ನು ನ್ಯಾಸ್ ಎಂದು ಕರೆಯುತ್ತಾರೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಈ ವರ್ಗದ ಬಹುತೇಕ ಪೆಟ್ಟಿಗೆಗಳಿಗೆ ಸಲ್ಲುವಂಥವು. ಹೊರಡಬ್ಬದ ಮೇಲೆ ನೆನಪುಗಳ ಸುರಕ್ಷತೆಯ ಮಾತು ದಪ್ಪಕ್ಷರದಲ್ಲಿತ್ತು. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ.

ಪೆಟ್ಟಿಗೆಯನ್ನು ಜೋಡಿಸುವುದು ಸುಲಭ. 4 ಟಿಬಿಯ ಎರಡು ಡಿಸ್ಕ್‌ಗಳನ್ನು ಟ್ರೇಗಳಲ್ಲಿ ಕೂರಿಸಿ, ರೌಟರ್‌ಗೆ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನ ಬ್ರೌಸರ್‌ನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದರೆ ಅರ್ಧ ಗಂಟೆಯೊಳಗೆ ಕೆಲಸಕ್ಕೆ ಸಿದ್ಧವಾಗುತ್ತದೆ. ಎರಡು ಡಿಸ್ಕ್ ಹಾಕಿದರೂ ಸಿಗುವುದು ಒಂದರ ಜಾಗ ಮಾತ್ರ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಕನ್ನಡಿಯಲ್ಲಿ ಕಂಡಂತೆ ಯಥಾವತ್ತಾಗಿ ದಾಖಲಾಗುವ ರೇಡ್ 1 ಎಂಬ ವ್ಯವಸ್ಥೆಯನ್ನು ಆರಿಸಿಕೊಂಡದ್ದರಿಂದ ಹೀಗಾಗುತ್ತದೆ. ಅದರಲ್ಲೂ 4 ಟಿಬಿ ಎಂದು ಅಚ್ಚಾಗಿರುವ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ಕಾಣುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ನನ್ನ ಸಂಗ್ರಹ ಆಗ ಸುಮಾರು 780 ಜಿಬಿ ಇದ್ದುದರಿಂದ ಜಾಗದ ಚಿಂತೆ ಕಾಡಲಿಲ್ಲ.

ಮೊದಲ ಬಾರಿಗೆ ಫೋಟೋಗಳನ್ನು ತುಂಬುವಾಗ ವೈಫೈ ನಂಬಿದ್ದು ನನ್ನ ತಪ್ಪು. ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕೆಂದು ಪರದೆ ತೋರಿಸಿತು, ಎರಡು ಬಾರಿ ನಡುವೆ ಸಂಪರ್ಕವೂ ಕಡಿಯಿತು. ಕಂಪ್ಯೂಟರನ್ನು ಕೇಬಲ್ ಮೂಲಕ ರೌಟರ್‌ಗೆ ಜೋಡಿಸಿದ ಮೇಲೆ ಅದೇ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯಿತು. ಗಿಗಾಬಿಟ್ ಜಾಲದಲ್ಲಿ ದೊಡ್ಡ ವಿಡಿಯೊಗಳು ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ಸಾಗುತ್ತವೆ; ಸಣ್ಣ ಸಣ್ಣ ಫೋಟೋಗಳು ಸಾವಿರಗಟ್ಟಲೆ ಇದ್ದಾಗ ವೇಗ ಅರ್ಧಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ಕಡಿಮೆ, ಆದರೆ ಡಿಸ್ಕ್‌ಗಳ ಕಟಕಟ ಸದ್ದು ರಾತ್ರಿ ಕೇಳಿಸುತ್ತದೆ. ಮಲಗುವ ಕೋಣೆಯಲ್ಲಿ ಇಡುವ ವಸ್ತು ಇದಲ್ಲ.

ಪೆಟ್ಟಿಗೆಯ ನಿಜವಾದ ಪರೀಕ್ಷೆ ನಡೆದದ್ದು ಹನ್ನೊಂದನೆಯ ತಿಂಗಳಲ್ಲಿ. ಒಂದು ಬೆಳಗ್ಗೆ ಬೀಪ್ ಸದ್ದು ನಿಲ್ಲದೆ ಬರತೊಡಗಿತು. ಎರಡನೆಯ ಡಿಸ್ಕಿನ ಹಸಿರು ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಪಟ್ಟಿಯನ್ನು ತೆರೆದು ನೋಡಿದಾಗ, ಕೆಟ್ಟ ಜಾಗದಿಂದ ಬೇರೆಡೆಗೆ ಸ್ಥಳಾಂತರಿಸಿದ ಸೆಕ್ಟರುಗಳನ್ನು (ಡಿಸ್ಕಿನ ಪುಟ್ಟ ತುಂಡುಗಳನ್ನು) ಎಣಿಸುವ 5 ಸಂಖ್ಯೆಯ ಸಾಲು ಮತ್ತು ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳನ್ನು ಎಣಿಸುವ 197 ಸಂಖ್ಯೆಯ ಸಾಲು ಎರಡೂ ಸೊನ್ನೆಯಿಂದ ಮೇಲೇರಿದ್ದವು. ಈ ಎರಡು ಸಾಲುಗಳನ್ನು ತಿಂಗಳಿಗೊಮ್ಮೆ ನೋಡಿದ್ದರೆ ಬೀಪ್ ಸದ್ದಿಗೆ ಮುಂಚೆಯೇ ಎಚ್ಚರಗೊಳ್ಳಬಹುದಿತ್ತೇನೋ. ಪೆಟ್ಟಿಗೆಯು ಇಮೇಲ್ ಮೂಲಕ ಎಚ್ಚರಿಸುವ ಸೌಲಭ್ಯ ಹೊಂದಿದೆ, ಆದರೆ ಅದನ್ನು ನಾವಾಗಿ ಚಾಲೂ ಮಾಡಬೇಕು. ನಾನು ಮಾಡಿರಲಿಲ್ಲ.

ಆ ದಿನ ನಾನು ಇನ್ನೇನು ದೊಡ್ಡ ಅನಾಹುತ ಮಾಡುವವನಿದ್ದೆ. ಎಡದ ಟ್ರೇ ಮೊದಲನೆಯದೋ ಎರಡನೆಯದೋ ಎಂದು ಮುಂಭಾಗದಲ್ಲಿ ಗುರುತಿಲ್ಲ. ಚೆನ್ನಾಗಿರುವ ಡಿಸ್ಕಿನ ಟ್ರೇಗೆ ಕೈ ಹಾಕಿ ಅರ್ಧ ಎಳೆಯುವಷ್ಟರಲ್ಲಿ ಅನುಮಾನ ಬಂದು, ಅದನ್ನು ಹಾಗೆಯೇ ಒಳಗೆ ತಳ್ಳಿ, ಪೆಟ್ಟಿಗೆಯನ್ನು ಕ್ರಮಬದ್ಧವಾಗಿ ಆರಿಸಿ, ಪರದೆಯಲ್ಲಿ ಮೊದಲೇ ಬರೆದುಕೊಂಡಿದ್ದ ಸೀರಿಯಲ್ ಸಂಖ್ಯೆಯನ್ನು ಡಿಸ್ಕಿನ ಚೀಟಿಯೊಂದಿಗೆ ತಾಳೆ ನೋಡಿ, ಕೆಟ್ಟದ್ದನ್ನು ಹೊರತೆಗೆದೆ. ಈಗ ಎರಡೂ ಟ್ರೇಗಳ ಮೇಲೆ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದು ಅಂಟಿಸಿದ್ದೇನೆ. ಹೊಸ ಡಿಸ್ಕ್ ಹಾಕಿದ ಮೇಲೆ ಪ್ರತಿಯ ಮರುನಿರ್ಮಾಣಕ್ಕೆ ಒಂಬತ್ತು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಪೆಟ್ಟಿಗೆಯೊಳಗೆ ಇದ್ದದ್ದು ಒಂದೇ ಒಂದು ಪೂರ್ಣ ಪ್ರತಿ. ಅದೂ ಕೆಟ್ಟುಹೋದ ಡಿಸ್ಕಿನ ಜೊತೆಗೇ ಕೊಂಡ, ಅಷ್ಟೇ ಹೊತ್ತು ಓಡಿದ, ಅದೇ ಮಾದರಿಯ ಡಿಸ್ಕಿನಲ್ಲಿ. ಹಾಗಾಗಿ ಎರಡು ಡಿಸ್ಕುಗಳನ್ನು ಒಂದೇ ತಯಾರಿಕಾ ಬ್ಯಾಚಿನಿಂದ ಕೊಳ್ಳಬೇಡಿ ಎಂಬ ಅನುಭವಿಗಳ ಮಾತನ್ನು ಈಗ ನಾನೂ ಹೇಳುತ್ತೇನೆ. ಏನೇ ಇರಲಿ, ಒಂದು ಫೋಟೋ ಕೂಡ ಕಳೆದುಹೋಗಲಿಲ್ಲ. ಡಿಸ್ಕ್ ಕೆಟ್ಟರೆ ಕಾಪಾಡುತ್ತೇನೆ ಎಂಬ ಭರವಸೆಯನ್ನು ಪೆಟ್ಟಿಗೆ ಉಳಿಸಿಕೊಂಡಿತು.

ಅದರ ಭರವಸೆ ಇರುವುದು ಅಷ್ಟಕ್ಕೇ ಎಂಬುದು ತಿಳಿದದ್ದು ಎರಡು ತಿಂಗಳ ನಂತರ. ಒಂದೇ ಫೋಟೋದ ಹಲವು ನಕಲುಗಳನ್ನು ತೆಗೆದುಹಾಕುತ್ತ ಕುಳಿತಿದ್ದವನು, ಅಪ್ಪ ಅಮ್ಮನ ಹಳೆಯ ಆಲ್ಬಮ್ಮಿನಿಂದ ವಾರಗಟ್ಟಲೆ ಸ್ಕ್ಯಾನ್ ಮಾಡಿದ್ದ 412 ಚಿತ್ರಗಳ ಫೋಲ್ಡರನ್ನೂ ನಕಲೆಂದು ಭಾವಿಸಿ ಅಳಿಸಿದೆ. ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುತ್ತದೆ. ನೆಟ್‌ವರ್ಕ್ ಫೋಲ್ಡರಿನಲ್ಲಿ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ, ಶಾಶ್ವತವಾಗಿ ಅಳಿಸಲೇ ಎಂದು ವಿಂಡೋಸ್ ಒಮ್ಮೆ ಕೇಳಿ ಸುಮ್ಮನಾಗುತ್ತದೆ. ಆ ಪ್ರಶ್ನೆಯನ್ನು ಅಂದು ಇಪ್ಪತ್ತನೆಯ ಸಲ ಕಾಣುತ್ತಿದ್ದ ನಾನು ಓದದೆಯೇ ಹೌದೆಂದಿದ್ದೆ. ಪೆಟ್ಟಿಗೆಯು ನನ್ನ ಆಜ್ಞೆಯನ್ನು ಎರಡೂ ಡಿಸ್ಕುಗಳಲ್ಲಿ ಏಕಕಾಲಕ್ಕೆ, ಚಾಚೂ ತಪ್ಪದೆ ಪಾಲಿಸಿತು. ಕನ್ನಡಿಯಲ್ಲಿ ಮುಖದ ಮಸಿಯೂ ಕಾಣಬೇಕಷ್ಟೆ.

ಇದನ್ನು ಪೆಟ್ಟಿಗೆಯ ದೋಷವೆಂದು ಹೇಳಲಾರೆ. ರೇಡ್ ಎಂಬ ಪರಿಕಲ್ಪನೆಯನ್ನು 1988ರ ಪ್ರಬಂಧದಲ್ಲಿ ಮಂಡಿಸಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಬರ್ಕ್ಲಿ) ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರ ಲಕ್ಷ್ಯವಿದ್ದದ್ದು ಅಗ್ಗದ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದರ ಕಡೆಗೆ. ನಿನ್ನೆಯ ಸ್ಥಿತಿಯನ್ನು ಇಂದು ಮರಳಿ ಕೊಡುವುದು ಅದರ ಉದ್ದೇಶವೇ ಆಗಿರಲಿಲ್ಲ. ಆದರೆ ಇದನ್ನು ಪೆಟ್ಟಿಗೆಯೊಂದಿಗೆ ಬರುವ ಕೈಪಿಡಿ ಮೊದಲ ಪುಟದಲ್ಲಿ ಹೇಳಬೇಕು. ನನ್ನ ಕೈಪಿಡಿಯಲ್ಲಿ ಅದು ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಅಡಗಿದೆ. ಇದು ನನ್ನ ಮೊದಲ ದೂರು.

ಎರಡನೆಯ ದೂರು ಇನ್ನೂ ಗಟ್ಟಿಯಾದದ್ದು. ಈ ಪೆಟ್ಟಿಗೆ ಬಿಟಿಆರ್‌ಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕಡತ ವ್ಯವಸ್ಥೆಯನ್ನು ಬಳಸುತ್ತದೆ. ಅದರಲ್ಲಿ ಸ್ನ್ಯಾಪ್‌ಶಾಟ್ ಎಂಬ ಉತ್ತಮ ಸೌಲಭ್ಯವಿದೆ: ಫೋಲ್ಡರಿನ ಇಂದಿನ ಸ್ಥಿತಿಯನ್ನು ಕ್ಷಣಮಾತ್ರದಲ್ಲಿ ಗುರುತು ಹಾಕಿಕೊಂಡು, ಆಮೇಲೆ ಬದಲಾದ ಭಾಗಗಳಿಗೆ ಮಾತ್ರ ಹೊಸ ಜಾಗ ಬಳಸುತ್ತದೆ. ಅಪರೂಪಕ್ಕೆ ಬದಲಾಗುವ ಫೋಟೋ ಸಂಗ್ರಹಕ್ಕೆ ಇದಕ್ಕಿಂತ ಒಪ್ಪುವ ಏರ್ಪಾಡು ಇಲ್ಲ. ಅದು ಚಾಲೂ ಇದ್ದಿದ್ದರೆ ಆ 412 ಚಿತ್ರಗಳು ಎರಡು ನಿಮಿಷದಲ್ಲಿ ವಾಪಸು ಬರುತ್ತಿದ್ದವು. ಕಾರ್ಖಾನೆಯಿಂದ ಬರುವಾಗ ಸ್ನ್ಯಾಪ್‌ಶಾಟ್ ಕೂಡ ಆಫ್, ಪೆಟ್ಟಿಗೆಯೊಳಗಿನ ಕಸದಬುಟ್ಟಿಯೂ ಆಫ್. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಾನು ಅವೆರಡನ್ನೂ ಮಾರನೆಯ ದಿನ ಚಾಲೂ ಮಾಡಿದೆ. ಈಗ ದಿನಕ್ಕೊಂದರಂತೆ ಮೂವತ್ತು ದಿನಗಳ, ತಿಂಗಳಿಗೊಂದರಂತೆ ಒಂದು ವರ್ಷದ ಸ್ನ್ಯಾಪ್‌ಶಾಟ್‌ಗಳು ಉಳಿಯುತ್ತವೆ, ಮತ್ತು ಇವೆಲ್ಲಕ್ಕೂ ಸೇರಿ ಹಿಡಿದಿರುವ ಜಾಗ 20 ಜಿಬಿಯನ್ನೂ ಮುಟ್ಟಿಲ್ಲ.

ಆ ಚಿತ್ರಗಳು ಮರಳಿ ಸಿಕ್ಕಿದ್ದು ಪೆಟ್ಟಿಗೆಯಿಂದಲ್ಲ. ಅಕ್ಕನ ಮನೆಯ ಬೀರುವಿನಲ್ಲಿ ಇಟ್ಟಿದ್ದ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಿಂದ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂದು ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರವನ್ನು ನಾನು ಅರೆಮನಸ್ಸಿನಿಂದ ಪಾಲಿಸಿದ್ದೆ. ಆ ಡಿಸ್ಕಿನ ಪ್ರತಿ ನಾಲ್ಕು ತಿಂಗಳಷ್ಟು ಹಳೆಯದು. ಸ್ಕ್ಯಾನ್ ಮಾಡಿದ್ದು ಅದಕ್ಕೂ ಹಿಂದೆ ಎಂಬುದು ನನ್ನ ಅದೃಷ್ಟ. ಪೆಟ್ಟಿಗೆಯ ಹಿಂಬದಿಯ ಯುಎಸ್‌ಬಿ ಕಿಂಡಿಗೆ ಪೋರ್ಟಬಲ್ ಡಿಸ್ಕ್ ಸಿಕ್ಕಿಸಿದ ಕೂಡಲೇ ಬದಲಾದ ಫೈಲುಗಳನ್ನು ಮಾತ್ರ ನಕಲು ಮಾಡಿ, ಮುಗಿದ ಮೇಲೆ ಡಿಸ್ಕನ್ನು ತಾನೇ ಕಳಚಿಕೊಳ್ಳುವ ಕಾರ್ಯಕ್ರಮ ಇದರಲ್ಲಿದೆ. ಪೆಟ್ಟಿಗೆಯ ಎಲ್ಲ ಸೌಲಭ್ಯಗಳಲ್ಲಿ ನಾನು ಹೆಚ್ಚು ಮೆಚ್ಚಿದ್ದು ಇದನ್ನೇ. ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡುವ ಗೂಢಲಿಪಿಯ ಆಯ್ಕೆಯೂ ಇದೆ. ಮನೆಯಿಂದ ಹೊರಗೆ ಹೋಗುವ ಡಿಸ್ಕಿಗೆ ಅದು ಬೇಕೇ ಬೇಕು. ಪಾಸ್‌ವರ್ಡನ್ನು ಮಾತ್ರ ಕಾಗದದ ಮೇಲೆ ಬರೆದು ಬೇರೆಡೆ ಇಡಬೇಕು. ಮರೆತರೆ ಪ್ರತಿ ಇದ್ದೂ ಇಲ್ಲದಂತೆ.

ಸದ್ದಿಲ್ಲದೆ ನಡೆಯುವ ಹಾನಿಯ ವಿಷಯವನ್ನೂ ಹೇಳಬೇಕು. ಪೆಟ್ಟಿಗೆಗೆ ತುಂಬಿದ ಮೇಲೆ ಹಳೆಯ ಚಿತ್ರಗಳನ್ನು ನೋಡುತ್ತಿದ್ದಾಗ ಒಂದು ಚಿತ್ರದ ಮೇಲಿನ ಮೂರನೇ ಒಂದು ಭಾಗ ಸರಿಯಾಗಿದ್ದು, ಅಲ್ಲಿಂದ ಕೆಳಗೆ ಎಲ್ಲವೂ ಪಕ್ಕಕ್ಕೆ ಸರಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಜೆಪಿಇಜಿ ಕಡತದ ಸ್ವಭಾವವೇ ಹಾಗೆ. ದತ್ತಾಂಶವನ್ನು ಒತ್ತಿ ತುಂಬಿರುವುದರಿಂದ ನಡುವೆ ಒಂದೆರಡು ಬಿಟ್ ಬದಲಾದರೂ ಅಲ್ಲಿಂದಾಚೆಗಿನ ಓದು ಹಳಿ ತಪ್ಪಬಹುದು. ಆ ಹಾನಿ ಆಗಿದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ, ಯಾವಾಗ ಎಂಬುದು ಗೊತ್ತಾಗುವಂತಿರಲಿಲ್ಲ, ಮತ್ತು ನಾನು ಅದರಿಂದ ಮಾಡಿಕೊಂಡ ಪ್ರತಿಗಳೆಲ್ಲವೂ ಆ ಕೆಟ್ಟ ಚಿತ್ರದ ನಿಷ್ಠಾವಂತ ನಕಲುಗಳಾಗಿದ್ದವು. ಈ ಪೆಟ್ಟಿಗೆ ಪ್ರತಿ ತುಣುಕಿಗೂ ಪರಿಶೀಲನಾ ಮೊತ್ತವನ್ನು, ಅಂದರೆ ಅದರ ದತ್ತಾಂಶದಿಂದ ಲೆಕ್ಕ ಹಾಕಿದ ಸಂಖ್ಯೆಯನ್ನು, ಬರೆದಿಟ್ಟು, ಓದುವಾಗ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕಿನ ಸರಿಯಾದ ತುಣುಕಿನಿಂದ ರಿಪೇರಿ ಮಾಡಬಲ್ಲದು. ಆದರೆ ಫೋಲ್ಡರನ್ನು ಮೊದಲ ಬಾರಿ ಸೃಷ್ಟಿಸುವಾಗಲೇ ಈ ಸೌಲಭ್ಯದ ಚೌಕದಲ್ಲಿ ಗುರುತು ಹಾಕಿರಬೇಕು. ಆಮೇಲೆ ಹಾಕಲು ಬಿಡುವುದಿಲ್ಲ. ನಾನು ಹೊಸ ಫೋಲ್ಡರ್ ಮಾಡಿ 780 ಜಿಬಿಯನ್ನು ಮತ್ತೊಮ್ಮೆ ಸಾಗಿಸಬೇಕಾಯಿತು. ಇದರ ಮೇಲೆ ನನ್ನದೇ ಒಂದು ಕ್ರಮವನ್ನೂ ಇಟ್ಟುಕೊಂಡಿದ್ದೇನೆ. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ 64 ಅಕ್ಷರಗಳ ಬೆರಳಚ್ಚನ್ನು, ಒಂದು ಪಠ್ಯ ಕಡತದಲ್ಲಿ ಸಂಗ್ರಹಿಸಿ, ಆರು ತಿಂಗಳಿಗೊಮ್ಮೆ ಮೂರೂ ಪ್ರತಿಗಳೊಂದಿಗೆ ಹೋಲಿಸುತ್ತೇನೆ. ಪ್ರತಿಯೊಂದಕ್ಕೂ ಕೆಲವು ಗಂಟೆ ಹಿಡಿಯುತ್ತದೆ, ಆದರೆ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಕೆಲಸಕ್ಕೆ ನಮ್ಮ ಹೊತ್ತು ಹಾಳಾಗುವುದಿಲ್ಲ.

ಪೆಟ್ಟಿಗೆಯೊಂದಿಗೆ ಬರುವ ಫೋಟೋ ಆ್ಯಪ್ ನೋಡಲು ಅಂದವಾಗಿದೆ. ಮುಖಗಳನ್ನು ಗುರುತಿಸುತ್ತದೆ, ಮೊಬೈಲಿನ ಫೋಟೋಗಳನ್ನು ಮನೆಗೆ ಬಂದ ಕೂಡಲೇ ಎಳೆದುಕೊಳ್ಳುತ್ತದೆ, 2017ರ ಐಒಎಸ್ 11ರಿಂದ ಐಫೋನುಗಳು ಬಳಸುತ್ತಿರುವ ಎಚ್‌ಇಐಸಿ ಚಿತ್ರಗಳನ್ನೂ ತೋರಿಸುತ್ತದೆ. ಆದರೆ ನಾವು ಕೂತು ಬರೆದ ಹೆಸರು, ಆಲ್ಬಮ್, ನಕ್ಷತ್ರಗಳೆಲ್ಲ ಅದರ ಸ್ವಂತ ಡೇಟಾಬೇಸಿನಲ್ಲಿ ಉಳಿಯುತ್ತವೆಯೇ ಹೊರತು ಫೋಟೋ ಕಡತದೊಳಗೆ ಸೇರುವುದಿಲ್ಲ. ನಾಳೆ ಬೇರೆ ಪೆಟ್ಟಿಗೆ ಕೊಂಡರೆ ಚಿತ್ರಗಳು ಮಾತ್ರ ಬರುತ್ತವೆ, ಅದರಲ್ಲಿ ಇರುವವರು ಯಾರೆಂಬ ಮಾಹಿತಿ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಹೆಸರು ಬರೆಯುವ ಕೆಲಸವನ್ನು ನಾನು ಕಂಪ್ಯೂಟರಿನಲ್ಲಿ, ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಹಾಗೆ ಹೇಳಿದರೆ ಅದು ಎಲ್ಲವನ್ನೂ ಎಕ್ಸ್‌ಎಂಪಿ ರೂಪದಲ್ಲಿ ಫೋಟೋದೊಳಗೆ ಅಥವಾ ಅದರ ಪಕ್ಕದ ಪುಟ್ಟ ಕಡತದಲ್ಲಿ ಬರೆಯುತ್ತದೆ. 2012ರಲ್ಲಿ ಐಎಸ್‌ಒ ಮಾನದಂಡವಾದ ಈ ರೂಪವನ್ನು ಬೇರೆ ತಂತ್ರಾಂಶಗಳೂ ಓದುತ್ತವೆ.

ಹೊರಗಿನಿಂದಲೂ ಫೋಟೋ ನೋಡುವಂತೆ ಪೆಟ್ಟಿಗೆಯನ್ನು ಅಂತರ್ಜಾಲಕ್ಕೆ ತೆರೆದಿಡುವ ಸೌಲಭ್ಯವನ್ನು ನಾನು ಬಳಸಿಲ್ಲ, ಬಳಸುವ ಇರಾದೆಯೂ ಇಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು, ಜಾಲದಲ್ಲಿ ಕಡತಗಳನ್ನು ಹಂಚಿಕೊಳ್ಳುವ ವಿಧಾನವಾದ ಎಸ್‌ಎಂಬಿಯ ಮೊದಲ ಆವೃತ್ತಿಯ ಲೋಪದ ಮೂಲಕ. ಈ ಪೆಟ್ಟಿಗೆಯಲ್ಲಿ ಆ ಆವೃತ್ತಿ ಮೊದಲಿನಿಂದಲೇ ಆಫ್ ಇದೆ ಎಂಬುದನ್ನು ಮೆಚ್ಚಬೇಕು. ದಿನನಿತ್ಯದ ಬಳಕೆಗೆ ಓದಲು ಮಾತ್ರ ಅನುಮತಿ ಇರುವ ಬೇರೆ ಖಾತೆ ಮಾಡಿಕೊಂಡಿದ್ದೇನೆ. ಕಂಪ್ಯೂಟರಿಗೆ ಏನಾದರೂ ಹತ್ತಿದರೂ ಆ ಖಾತೆಯ ಮೂಲಕ ಫೋಟೋಗಳನ್ನು ಮುಟ್ಟಲಾಗದು, ಕೈತಪ್ಪಿ ಅಳಿಸಲು ನನ್ನಿಂದಲೂ ಆಗದು.

ಹತ್ತಿಪ್ಪತ್ತು ಸಾವಿರ ಫೋಟೋಗಳು, ಒಂದೇ ಕಂಪ್ಯೂಟರ್ ಇರುವವರಿಗೆ ಈ ಪೆಟ್ಟಿಗೆ ಬೇಡ. ಎರಡು ಪೋರ್ಟಬಲ್ ಡಿಸ್ಕ್ ಕೊಂಡು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಹೊರಗೆ ಇಟ್ಟು ಅದಲುಬದಲು ಮಾಡುತ್ತಿದ್ದರೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತದೆ. ಮನೆಯ ನಾಲ್ಕೈದು ಮಂದಿಯ ಮೊಬೈಲ್, ಕ್ಯಾಮೆರಾಗಳಿಂದ ಬರುವುದೆಲ್ಲ ಒಂದೆಡೆ ಸೇರಬೇಕು ಎನ್ನುವವರು ಕೊಳ್ಳಬಹುದು, ಆದರೆ ಮೂರನೆಯ ಡಿಸ್ಕನ್ನೂ ಅದೇ ದಿನ ಕೊಳ್ಳಬೇಕು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಸ್ನ್ಯಾಪ್‌ಶಾಟ್ ಮೊದಲಿನಿಂದಲೇ ಚಾಲೂ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಅಕ್ಕನ ಮನೆಯ ಡಿಸ್ಕ್ ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬಂದು ಹೋಗುತ್ತದೆ, ಮತ್ತು ಪ್ರತಿ ಸಲವೂ ಅದರಿಂದ ಯಾವುದಾದರೂ ಒಂದು ಫೋಲ್ಡರನ್ನು ಕಂಪ್ಯೂಟರಿಗೆ ವಾಪಸು ಇಳಿಸಿ, ಚಿತ್ರಗಳು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಅದನ್ನು ಕಳಿಸುತ್ತೇನೆ.